ಜೂಜುಕಟ್ಟೆ ಪಾಲಿಸಿ: ಕೌನ್ಸಿಲ್‌ನಲ್ಲಿ ಪಾಸಾಗಿ, ವಿಚಾರಣೆಯಲ್ಲೂ ನಿಂತದ್ದು ಹೇಗೆ

ಬ್ರಿಟನ್ನಿನ 2005ರ ಗ್ಯಾಂಬ್ಲಿಂಗ್ ಆಕ್ಟ್‌ನಲ್ಲಿ 153ನೇ ಸೆಕ್ಷನ್ ಇರುವವರೆಗೆ ಕೌನ್ಸಿಲ್ (ಸ್ಥಳೀಯ ಆಡಳಿತ) ಜೂಜು ಅಂಗಡಿಗಳ ಲೈಸೆನ್ಸಿಗೆ ಪಾಲಿಸಿ ಬರೆಯುವುದು ಕಾಗದಕ್ಕೆ ದಂಡ ಅಂತ ನಮ್ಮ ಲೀಗಲ್‌ನವರಿಂದ ಹಿಡಿದು ಪಕ್ಕದ ಕೌನ್ಸಿಲ್‌ನವರವರೆಗೆ ಎಲ್ಲರೂ ಹೇಳಿದ್ದರು. ‘ಏಮ್ ಟು ಪರ್ಮಿಟ್’, ಅಂದರೆ ಅನುಮತಿ ಕೊಡುವ ಕಡೆಗೇ ಮನಸ್ಸಿಡಬೇಕು ಅಂತ ಕಾನೂನೇ ಹೇಳುವಾಗ ನಿಮ್ಮ ಪಾಲಿಸಿಗೆ ಹಲ್ಲೆಲ್ಲಿಂದ ಬರಬೇಕು ಅನ್ನುವುದು ಅವರ ವಾದ. ನಮ್ಮದು 2025ರ ಜನವರಿ 31ಕ್ಕೆ ಜಾರಿಯಾಯಿತು. ಆಮೇಲೆ ಮುಖ್ಯರಸ್ತೆಯಲ್ಲಿ 24 ಗಂಟೆ ತೆರೆದಿಡುತ್ತೇವೆ ಅಂತ ಬಂದ ಸ್ಲಾಟ್ ಮಷೀನ್ ಅಂಗಡಿಯೊಂದು ರಾತ್ರಿ 11ಕ್ಕೆ ಬಾಗಿಲು ಹಾಕುವ ಷರತ್ತಿನ ಮೇಲೆ ಲೈಸೆನ್ಸ್ ತೆಗೆದುಕೊಂಡು ಹೋಯಿತು. ಮೇಲ್ಮನವಿಯ 21 ದಿನ ಕಳೆದರೂ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸದ್ದಿಲ್ಲ. ಇಂಗ್ಲೆಂಡಿನ ಕೌನ್ಸಿಲ್‌ಗಳಲ್ಲಿ ಇದೇ ಕೆಲಸದಲ್ಲಿರುವ ಕನ್ನಡದವರು ಒಂದಿಷ್ಟು ಮಂದಿ ಇದ್ದೀರಿ. ಕಾಯ್ದೆಯ ಪಾಠ ನಿಮಗೆ ಬೇಕಿಲ್ಲ, ನಾವು ಎಲ್ಲೆಲ್ಲಿ ಎಡವಿದೆವು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಮೊದಲು ಕ್ಯಾಲೆಂಡರ್. ಪಾಲಿಸಿಯ ಮೂರು ವರ್ಷದ ಅವಧಿಗಳು 2007ರ ಜನವರಿ 31ರಿಂದ ಎಣಿಕೆಯಾಗುತ್ತವೆ, ಆ ತಾರೀಖು ಯಾರಿಗೂ ಕಾಯುವುದಿಲ್ಲ. ಜಾರಿಗೆ ಬರುವ ಮುಂಚೆ ನಾಲ್ಕು ವಾರ ವೆಬ್‌ಸೈಟಿನಲ್ಲಿ ಇರಬೇಕು, ಜೊತೆಗೆ ಲೈಬ್ರರಿಯಲ್ಲೋ ಟೌನ್ ಹಾಲ್‌ನಲ್ಲೋ ನೋಡಲು ಸಿಗಬೇಕು. ಹಿಂದಕ್ಕೆ ಎಣಿಸಿದರೆ ಜನವರಿ 3 ಕೊನೆಯ ದಿನ. ಕ್ರಿಸ್‌ಮಸ್ ರಜೆಯಲ್ಲಿ ವೆಬ್ ತಂಡದವರು ಯಾರೂ ಸಿಗುವುದಿಲ್ಲ, ಹಾಗಾಗಿ ಡಿಸೆಂಬರ್ ಎರಡನೇ ವಾರವೇ ಕೊನೆ ಅಂತ ಇಟ್ಟುಕೊಳ್ಳಿ. ಪಾಲಿಸಿಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ಸಮಿತಿಗೆ ವಹಿಸುವಂತಿಲ್ಲ, ಪೂರ್ಣ ಕೌನ್ಸಿಲ್ ಸಭೆಯೇ ಆಗಬೇಕು. ಆ ಸಭೆ ನವೆಂಬರ್‌ನಲ್ಲಿದ್ದರೆ ವರದಿಯ ಗಡುವು ಅಕ್ಟೋಬರ್‌ಗೆ ಬರುತ್ತದೆ. ನಾವು 2024ರ ಜೂನ್‌ನಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕೆ ಬಿಡಬೇಕೆಂದಿದ್ದೆವು. ಮೇ 22ಕ್ಕೆ ಸಾರ್ವತ್ರಿಕ ಚುನಾವಣೆ ಘೋಷಣೆಯಾಯಿತು. ಚುನಾವಣೆ ಹೊತ್ತಿನಲ್ಲಿ ಇಂಥದ್ದನ್ನು ಶುರುಮಾಡದಿರುವುದು ಕೌನ್ಸಿಲ್‌ಗಳ ರೂಢಿ, ಹಾಗಾಗಿ ಜುಲೈ 4ರವರೆಗೆ ಕೈಕಟ್ಟಿ ಕೂರಬೇಕಾಯಿತು. ಹನ್ನೆರಡು ವಾರ ಇಟ್ಟುಕೊಂಡಿದ್ದು ಹತ್ತಕ್ಕೆ ಇಳಿಯಿತು. ಕಾನೂನಿನಲ್ಲಿ ಇಷ್ಟೇ ವಾರ ಅಂತ ಇಲ್ಲದ್ದರಿಂದ ಬಚಾವಾದೆವು.

ಮೊದಲ ಕರಡು ನಾಚಿಕೆ ತರುವಂಥದ್ದು. ಮದ್ಯದ ಪಾಲಿಸಿಯ ಫೈಲ್ ತೆರೆದು ‘ಆಲ್ಕೋಹಾಲ್’ ಇದ್ದಲ್ಲೆಲ್ಲ ‘ಗ್ಯಾಂಬ್ಲಿಂಗ್’ ಹಾಕಿದಂತಿತ್ತು. ಹಾಗಾಗಿ ‘ಸಾರ್ವಜನಿಕ ಉಪದ್ರವ ತಡೆ’ ಅನ್ನುವ ಸಾಲು ಐದಾರು ಕಡೆ ಉಳಿದುಬಿಟ್ಟಿತ್ತು. ಅದು 2003ರ ಲೈಸೆನ್ಸಿಂಗ್ ಆಕ್ಟ್‌ನ ಉದ್ದೇಶ. ಜೂಜಿನ ಕಾಯ್ದೆಗೆ ಇರುವುದು ಮೂರೇ: ಅಪರಾಧ ಮತ್ತು ಅಶಾಂತಿ, ನ್ಯಾಯವಾದ ಮುಕ್ತ ಆಟ, ಮಕ್ಕಳು ಮತ್ತು ದುರ್ಬಲರ ರಕ್ಷಣೆ. ಗಲಾಟೆಯ ಸದ್ದು, ಪಾರ್ಕಿಂಗ್, ಕಸ ಯಾವುದೂ ಲೆಕ್ಕಕ್ಕಿಲ್ಲ. ‘ಈ ಬೀದಿಗೆ ಇನ್ನೊಂದು ಅಂಗಡಿ ಬೇಕಾಗಿಲ್ಲ’ ಅನ್ನುವಂತೆಯೂ ಇಲ್ಲ, ಬೇಡಿಕೆ ಎಷ್ಟಿದೆ ಅಂತ ನೋಡುವುದನ್ನೇ 153(2) ತಡೆಯುತ್ತದೆ. ಪ್ಲಾನಿಂಗ್ ಅನುಮತಿ ಸಿಕ್ಕಿದೆಯೋ ಇಲ್ಲವೋ ಅನ್ನುವುದೂ ನಮಗೆ ಸಂಬಂಧಪಡದ ವಿಷಯ. ಉದ್ಯಮದ ಪರವಾಗಿ ವಕೀಲರು ಎಲ್ಲ ಕೌನ್ಸಿಲ್‌ಗೂ ಹೆಚ್ಚೂಕಡಿಮೆ ಒಂದೇ ಪತ್ರ ಕಳಿಸುತ್ತಾರೆ, ಗೊತ್ತಲ್ಲ. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ನಮ್ಮ ಉಳಿದ ತಪ್ಪುಗಳನ್ನು ಅವರೇ ಪುಕ್ಕಟೆಯಾಗಿ ತಿದ್ದಿಕೊಟ್ಟರು.

ಇನ್ನು ಇಡೀ ಕೆಲಸದ ತಿರುಳು, ಸ್ಥಳೀಯ ನಕ್ಷೆ. ಹೊರಗಿನವರಿಂದ ಮಾಡಿಸಿದರೆ ಸುಮಾರು 12 ಸಾವಿರ ಪೌಂಡ್ ಅಂದರು. ನಾವು ಕ್ಯೂಜಿಐಎಸ್ ಅನ್ನುವ ಪುಕ್ಕಟೆ ನಕ್ಷೆ ತಂತ್ರಾಂಶ ಇಟ್ಟುಕೊಂಡು, ಸರ್ಕಾರದ ಬಡತನ ಸೂಚ್ಯಂಕದ ಪದರ ಹಾಸಿ, ಅದರ ಮೇಲೆ ಶಾಲೆ, ಹಾಸ್ಟೆಲ್, ವ್ಯಸನ ಚಿಕಿತ್ಸಾ ಕೇಂದ್ರ, ಫುಡ್ ಬ್ಯಾಂಕ್, ಜಾಬ್‌ಸೆಂಟರ್, ಗಿರವಿ ಅಂಗಡಿಗಳನ್ನು ಚುಕ್ಕೆ ಇಟ್ಟೆವು. ಸಂಬಳ ಬಿಟ್ಟರೆ ಒಂಬೈನೂರು ಪೌಂಡ್ ಆಸುಪಾಸು ಖರ್ಚಾಯಿತು. ಅದರಲ್ಲಿ ಹೆಚ್ಚಿನದು ಪ್ರಿಂಟಿಂಗ್. ಮೊದಲ ಸಲ ಪ್ರತಿ ಚುಕ್ಕೆಯ ಸುತ್ತ 400 ಮೀಟರ್ ವೃತ್ತ ಎಳೆದೆವು, ಐದು ನಿಮಿಷದ ನಡಿಗೆ ಅನ್ನುವ ಲೆಕ್ಕ. ಕಾಗದದ ಮೇಲೆ ಚೆನ್ನಾಗಿ ಕಂಡಿತು. ಸ್ಥಳಕ್ಕೆ ಹೋಗಿ ನೋಡಿದರೆ ಒಂದು ಶಾಲೆಗೂ ಬೆಟ್ಟಿಂಗ್ ಅಂಗಡಿಗೂ ನಡುವೆ ರೈಲ್ವೆ ಹಳಿ. ಮೇಲ್ಸೇತುವೆ ಸುತ್ತಿಕೊಂಡು ಹೋದರೆ ಇಪ್ಪತ್ತು ನಿಮಿಷದ ಮೇಲಾಗುತ್ತದೆ. ಇಂಥದ್ದೊಂದು ತಪ್ಪು ಎದುರು ವಕೀಲರ ಕೈಗೆ ಸಿಕ್ಕರೆ ಇಡೀ ನಕ್ಷೆಯೇ ಬಿದ್ದುಹೋಗುತ್ತದೆ. ವೃತ್ತಗಳನ್ನು ಅಳಿಸಿ, ನಡೆಯುವ ದಾರಿಯ ಲೆಕ್ಕದಲ್ಲಿ ಮತ್ತೆ ಎಳೆದೆವು. ಅದಕ್ಕೇ ಎರಡು ವಾರ ಹೋಯಿತು.

ಪೊಲೀಸ್ ಅಂಕಿಅಂಶದಲ್ಲಿ ಇನ್ನೊಂದು ಗುಂಡಿ ಇದೆ. ಯಾವ ಅಂಗಡಿಯ ಸಿಬ್ಬಂದಿ ಸಣ್ಣಪುಟ್ಟದಕ್ಕೂ ಫೋನ್ ಮಾಡುತ್ತಾರೋ ಆ ಅಂಗಡಿಯೇ ಕೆಟ್ಟದ್ದಾಗಿ ಕಾಣುತ್ತದೆ. ತೆಪ್ಪಗಿರುವ ಅಂಗಡಿ ಸಾಧುವಾಗಿ ಕಾಣುತ್ತದೆ. ಅಂಗಡಿಗಳ ಒಳಗಿನ ಘಟನಾ ಪುಸ್ತಕಗಳನ್ನು ಪೊಲೀಸ್ ಪಟ್ಟಿಯ ಪಕ್ಕ ಇಟ್ಟು ಓದಿದ ಮೇಲೆ ಚಿತ್ರ ತಲೆಕೆಳಗಾಯಿತು. ಆ ಪುಸ್ತಕಗಳನ್ನು ಆಪರೇಟರ್‌ಗಳು ತಾವಾಗಿಯೇ ತೆರೆದು ತೋರಿಸುವಂತೆ ಮಾಡಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು 2028ರ ಪಾಲಿಸಿಗೂ ಬೇಕು.

ನಕ್ಷೆಯನ್ನು ಪಾಲಿಸಿಗೆ ಹೊಲಿಯುವ ಜಾಗದಲ್ಲೇ ಬಹಳ ಜನ ಎಡವುತ್ತಾರೆ. ನಕ್ಷೆಯಲ್ಲಿ ಅಪಾಯ ಹೆಚ್ಚಿರುವ ಜಾಗವೇ ಕೆಂಪು ವಲಯ. ನಮ್ಮ ಕರಡಿನಲ್ಲಿದ್ದ ಸಾಲು ಹೀಗಿತ್ತು: ‘ಕೆಂಪು ವಲಯದಲ್ಲಿ ಹೊಸ ಅಂಗಡಿಗೆ ಅನುಮತಿ ಇಲ್ಲ.’ ಲೀಗಲ್‌ನವರು ಒಂದೇ ಗೆರೆಯಲ್ಲಿ ಹೊಡೆದು ಹಾಕಿದರು, ಸರಿಯಾಗಿಯೇ. ಸಾರಾಸಗಟಾಗಿ ಬೇಡ ಅನ್ನಲು ಕಾಯ್ದೆ ಬಿಡುವುದು ಕ್ಯಾಸಿನೊಗೆ ಮಾತ್ರ. ಕೊನೆಗೆ ನಿಂತ ಸಾಲು ಇದು: ‘ಕೆಂಪು ವಲಯದ ಅರ್ಜಿದಾರರ ಅಪಾಯ ವಿಶ್ಲೇಷಣೆ ಅನುಬಂಧದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸಬೇಕು. ಉತ್ತರವಿಲ್ಲದಿದ್ದರೆ ಮೂರನೇ ಉದ್ದೇಶಕ್ಕೆ ಧಕ್ಕೆಯಿಲ್ಲವೆಂದು ಸಮಿತಿಗೆ ಮನವರಿಕೆಯಾಗುವುದು ಕಷ್ಟ.’ ಇದಕ್ಕೆ ಬಲ ಬಂದದ್ದು 2016ರ ಏಪ್ರಿಲ್‌ನಿಂದ ಗ್ಯಾಂಬ್ಲಿಂಗ್ ಕಮಿಷನ್ (ಜೂಜಿನ ರಾಷ್ಟ್ರೀಯ ನಿಯಂತ್ರಕ ಸಂಸ್ಥೆ) ಕಡ್ಡಾಯ ಮಾಡಿರುವ ಸ್ಥಳೀಯ ಅಪಾಯ ವಿಶ್ಲೇಷಣೆಯಿಂದ. ಅದನ್ನು ಬರೆಯುವಾಗ ಆಪರೇಟರ್‌ಗಳು ನಮ್ಮ ಪಾಲಿಸಿಯನ್ನು ಗಣನೆಗೆ ತೆಗೆದುಕೊಳ್ಳಲೇಬೇಕು ಅಂತ ಅಲ್ಲಿದೆ. 153ರಲ್ಲೇ ಕೊನೆಗೆ ‘ಪಾಲಿಸಿಗೆ ಅನುಗುಣವಾಗಿ’ ಅಂತಲೂ ಇದೆ. ಎಲ್ಲರೂ ಮೊದಲ ಸಾಲು ಓದಿ ಕೈಚೆಲ್ಲುತ್ತಾರೆ.

ಅನುಬಂಧದಲ್ಲಿ ಹದಿನಾಲ್ಕು ಪ್ರಶ್ನೆ ಇಟ್ಟೆವು. ‘ದುರ್ಬಲರನ್ನು ಹೇಗೆ ರಕ್ಷಿಸುತ್ತೀರಿ’ ಅಂತ ಕೇಳಿದರೆ ಎರಡು ಪುಟ ಸುಣ್ಣಬಣ್ಣ ಬರುತ್ತದೆ. ‘ಮಧ್ಯಾಹ್ನ 3ರಿಂದ 4ರವರೆಗೆ ಬಾಗಿಲ ಬಳಿ ಯಾರಿರುತ್ತಾರೆ’, ‘ಸಂಜೆ 8ರ ನಂತರ ಎಷ್ಟು ಸಿಬ್ಬಂದಿ’, ‘ಕೌಂಟರಿನಿಂದ ಯಾವ ಮಷೀನ್ ಕಣ್ಣಿಗೆ ಬೀಳುವುದಿಲ್ಲ, ಪ್ಲಾನಿನಲ್ಲಿ ಗುರುತು ಹಾಕಿ’ ಅಂತ ಕೇಳಿದರೆ ಒಂದೊಂದು ಸಾಲಿನ ಉತ್ತರ ಬರುತ್ತದೆ, ಅದೇ ಆಮೇಲೆ ಷರತ್ತಾಗುತ್ತದೆ. ಷರತ್ತುಗಳ ಪಟ್ಟಿಯನ್ನೂ ಸಿದ್ಧ ಇಟ್ಟುಕೊಳ್ಳಿ: ಸಿಸಿಟಿವಿ ದೃಶ್ಯ 31 ದಿನ, ಒಬ್ಬರೇ ಸಿಬ್ಬಂದಿ ಇರಕೂಡದ ಗಂಟೆಗಳು, ಒಳಗಿನಿಂದ ತೆರೆಯುವ ಮ್ಯಾಗ್ನೆಟಿಕ್ ಬಾಗಿಲು, ಮುಚ್ಚುವ ವೇಳೆ. ಮಷೀನ್‌ಗಳ ಸಂಖ್ಯೆಗೆ, ಪಣಕ್ಕೆ, ಬಹುಮಾನಕ್ಕೆ ಕೈ ಹಾಕಬೇಡಿ, ಅದು ನಮ್ಮ ಅಧಿಕಾರದಲ್ಲಿಲ್ಲ.

ಮುಚ್ಚುವ ವೇಳೆ ಮುಖ್ಯ. ಬೆಟ್ಟಿಂಗ್ ಅಂಗಡಿಗೆ ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಮುಚ್ಚುವ ಪೂರ್ವನಿಗದಿತ ಷರತ್ತಿದೆ. ಸ್ಲಾಟ್ ಅಂಗಡಿಗೆ ಅಂಥದ್ದು ಇಲ್ಲವೇ ಇಲ್ಲ. 2019ರ ಏಪ್ರಿಲ್‌ನಲ್ಲಿ ಬೆಟ್ಟಿಂಗ್ ಅಂಗಡಿಯ ಬಿ2 ವರ್ಗದ ಜೂಜು ಮಷೀನಿನ ಗರಿಷ್ಠ ಪಣ 100 ಪೌಂಡ್‌ನಿಂದ 2ಕ್ಕೆ ಇಳಿಯಿತು. ಈಗ ಹೊಸ ಅರ್ಜಿ ಬಂದರೆ ಹೆಚ್ಚಾಗಿ ಸ್ಲಾಟ್ ಅಂಗಡಿಯದೇ, 24 ಗಂಟೆಯದೇ. ಪಾಲಿಸಿ ಬೆಟ್ಟಿಂಗ್ ಅಂಗಡಿಗಳನ್ನೇ ಬೈಯುತ್ತಾ ಕೂತರೆ ಗುರಿ ತಪ್ಪುತ್ತದೆ.

ದುಡ್ಡಿನ ವಿಷಯ. ಸ್ಲಾಟ್ ಅಂಗಡಿಯ ಹೊಸ ಅರ್ಜಿಗೆ ಆಗ ನಾವು ಹಾಕಬಹುದಾಗಿದ್ದ ಗರಿಷ್ಠ ಶುಲ್ಕ 2,000 ಪೌಂಡ್, ವಾರ್ಷಿಕ 1,000. ಬೆಟ್ಟಿಂಗ್ ಅಂಗಡಿಗೆ 3,000 ಮತ್ತು 600. ಈ ಮಿತಿ 2007ರಲ್ಲಿ ಬಂದದ್ದು. ವಿವಾದದ ವಿಚಾರಣೆಯೊಂದಕ್ಕೆ ಬ್ಯಾರಿಸ್ಟರ್ ಇಟ್ಟರೆ ಅಷ್ಟೂ ಒಂದೇ ದಿನಕ್ಕೆ ಮುಗಿಯುತ್ತದೆ. ಉಳಿತಾಯದ ಒಂದು ದಾರಿ: ಪಾಲಿಸಿ ಪ್ರಕಟಣೆಯ ನೋಟಿಸನ್ನು ಪತ್ರಿಕೆಗೇ ಕೊಡಬೇಕೆಂದಿಲ್ಲ. ವೆಬ್‌ಸೈಟಿನ ಜೊತೆ ಕಚೇರಿಯ ಅಥವಾ ಲೈಬ್ರರಿಯ ನೋಟಿಸ್ ಬೋರ್ಡ್ ಸಾಕು. ನಮಗೆ ಏಳೆಂಟು ನೂರು ಉಳಿಯಿತು.

ಅಭಿಪ್ರಾಯ ಸಂಗ್ರಹಕ್ಕೆ ಹಿಂದಿನ ಸಲ ಬಂದದ್ದು ನಾಲ್ಕೋ ಐದೋ ಉತ್ತರ. 40 ಪುಟದ ಪಿಡಿಎಫ್ ಹಾಕಿ ಅಭಿಪ್ರಾಯ ಕೊಡಿ ಅಂದರೆ ಯಾರು ಕೊಡುತ್ತಾರೆ? ಈ ಸಲ ಒಂದು ಪುಟ, ಮೂರು ಪ್ರಶ್ನೆ: ಯಾವ ಬೀದಿ, ಯಾವ ಹೊತ್ತು, ಏನು ನೋಡಿದಿರಿ. ಲೈಬ್ರರಿ, ಗುರುದ್ವಾರ, ಫುಡ್ ಬ್ಯಾಂಕಿನ ಸಾಲು, ಶಾಲೆಯ ಪತ್ರಿಕೆ, ಎಲ್ಲ ಕಡೆ ಇಟ್ಟೆವು. ನೂರನಲವತ್ತರ ಹತ್ತಿರ ಬಂತು. ಅರ್ಧದಷ್ಟು ‘ನಿಷೇಧಿಸಿ’ ಅಂತಷ್ಟೇ. ನಮ್ಮೂರಿನ ಕಡೆಯವರೂ ಇದನ್ನೇ ಕೇಳುತ್ತಾರೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು ಅಂತ ಹೇಳಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಉಳಿದ ಅರ್ಧದಲ್ಲಿದ್ದ ಗಂಟೆಗಳ ವಿವರವೇ ರಾತ್ರಿ 11ರ ಷರತ್ತಿಗೆ ಸಾಕ್ಷಿಯಾಯಿತು.

ನಡುವೆ ಒಂದು ಅಡ್ಡದಾರಿ. ಪಬ್‌ಗಳಿಗೆ 50 ಪೌಂಡ್ ಕೊಟ್ಟು ತಿಳಿಸಿದರೆ ಸಿ ಅಥವಾ ಡಿ ವರ್ಗದ, ಅಂದರೆ ಸಣ್ಣ ಪಣದ, ಎರಡು ಮಷೀನ್ ಇಡುವ ಹಕ್ಕು ತಾನಾಗಿಯೇ ಇದೆ. ಇಪ್ಪತ್ತು ಪಬ್ ಸುತ್ತಿದೆವು. ಎಂಟೊಂಬತ್ತರಲ್ಲಿ ಮಷೀನ್ ಶೌಚಾಲಯದ ದಾರಿಯಲ್ಲಿ, ಬಾರ್‌ನಿಂದ ಕಾಣದ ಮೂಲೆಯಲ್ಲಿ ಇತ್ತು. ಮೂರ್ನಾಲ್ಕು ಕಡೆ ನಮಗೆ ತಿಳಿಸಿಯೇ ಇರಲಿಲ್ಲ. ಪಾಲಿಸಿಗೆ ಇದರಿಂದ ಬಂದದ್ದು ಒಂದು ಪ್ಯಾರಾ, ಆದರೆ ಸುತ್ತಾಟದ ಖರ್ಚು ಆ ಶುಲ್ಕದಲ್ಲೇ ಹೊರಟಿತು.

ಕೌನ್ಸಿಲರ್‌ಗಳಿಗೆ ಸಭೆಗೆ ಎರಡು ವಾರ ಮುಂಚೆ ಎರಡು ಪುಟ ಕೊಟ್ಟೆವು: ಎಡಕ್ಕೆ ಆಗುವುದು, ಬಲಕ್ಕೆ ಆಗದ್ದು. ಭಾಷಣ ಮಾಡುವವರು ಮಾಡಿಯೇ ಮಾಡಿದರು, ತಿದ್ದುಪಡಿ ಮಾತ್ರ ಬರಲಿಲ್ಲ. ಕ್ಯಾಸಿನೊ ಬೇಡ ಅನ್ನುವ, ಕಾಯ್ದೆಯ 166ನೇ ಸೆಕ್ಷನ್‌ನ ನಿರ್ಣಯವನ್ನು ಪಾಲಿಸಿಯೊಳಗೆ ಹುದುಗಿಸದೆ ಬೇರೆಯಾಗಿ ಮತಕ್ಕೆ ಹಾಕಿಸಿದೆವು. ಅದಕ್ಕೂ ಮೂರೇ ವರ್ಷ ಆಯುಸ್ಸು, ತನ್ನದೇ ಜಾರಿ ದಿನಾಂಕದಿಂದ. ಹಿಂದಿನ ನಿರ್ಣಯದ ದಿನಾಂಕ ಪಾಲಿಸಿಗಿಂತ ಏಳು ವಾರ ಹಿಂದಿತ್ತು, ಅಂದರೆ ಪಾಲಿಸಿ ಇನ್ನೂ ಜೀವಂತ ಇರುವಾಗಲೇ ನಿರ್ಣಯ ಸತ್ತುಹೋಗಿರುತ್ತಿತ್ತು. ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಎರಡಕ್ಕೂ ಜನವರಿ 31 ಅಂತಲೇ ಬರೆದಿದೆ. ನಕ್ಷೆಯನ್ನು ಪಾಲಿಸಿಯಿಂದ ಹೊರಗೆ, ಪ್ರತ್ಯೇಕ ದಾಖಲೆಯಾಗಿ ಇಟ್ಟಿದ್ದೇವೆ. ಶಾಲೆಯೋ ಹಾಸ್ಟೆಲೋ ಜಾಗ ಬದಲಿಸಿದರೆ ಮತ್ತೆ ಪೂರ್ಣ ಕೌನ್ಸಿಲ್‌ಗೆ ಹೋಗದೆ ಆರು ತಿಂಗಳಿಗೊಮ್ಮೆ ನಾವೇ ತಿದ್ದಬಹುದು.