ಮಳೆಗಾಲದ ಗೋದಾಮಿನಲ್ಲಿ ಅಡಿಕೆಗೆ ಗುರಿಯಿಟ್ಟು ತೆಂಗಿನಕಾಯಿ ಒಡೆದ ನನ್ನ ಅನುಭವ

ಕಳೆದ ಸೆಪ್ಟೆಂಬರಿನಲ್ಲಿ ನಮ್ಮೂರಿನ ಕೈಲ್ ಮುಹೂರ್ತದ (ಕೊಡಗಿನ ಆಯುಧಪೂಜೆಯ ಹಬ್ಬ) ಕ್ರೀಡಾಕೂಟದಲ್ಲಿ, 50 ಮೀಟರ್ ದೂರದ ತೆಂಗಿನಕಾಯಿಗೆ ಪಾಯಿಂಟ್ 22 (ನಳಿಗೆಯ ಅಳತೆ 0.22 ಇಂಚು) ರೈಫಲಿನಿಂದ ಗುಂಡು ಹೊಡೆಯುವ ಸ್ಪರ್ಧೆಯ ಮೊದಲ ಬಹುಮಾನ ನನಗೆ ಬಂತು. ಅದಕ್ಕೆ ಮುಂಚೆ ಹನ್ನೊಂದು ವರ್ಷ ಸತತವಾಗಿ ಭಾಗವಹಿಸಿದ್ದೆ. ಒಮ್ಮೆಯೂ ಎರಡನೆಯ ಸುತ್ತನ್ನು ದಾಟಿರಲಿಲ್ಲ. ಈ ನಡುವೆ ನಾನು ರೈಫಲನ್ನು ಬದಲಿಸಲಿಲ್ಲ, ಯಾವ ತರಬೇತಿ ಶಿಬಿರಕ್ಕೂ ಹೋಗಲಿಲ್ಲ. ಎರಡು ವರ್ಷ ಮಳೆಗಾಲದ ಮೂರು ತಿಂಗಳು ಕಾಫಿ ಗೋದಾಮಿನೊಳಗೆ ನಿಂತು ಏರ್‌ಗನ್ನಿನಿಂದ ಅಡಿಕೆಗೆ ಹೊಡೆದೆ, ಅಷ್ಟೇ. ಊರಿನಲ್ಲಿ ಇದನ್ನು ಯಾರೂ ಒಪ್ಪಿರಲಿಲ್ಲವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ತೊಂದರೆ ಏನೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹಬ್ಬ ಬರುವುದು ಸೆಪ್ಟೆಂಬರ್ ಆರಂಭದಲ್ಲಿ, ನಾಟಿ ಮುಗಿದ ಮೇಲೆ. ಅದಕ್ಕೆ ಮುಂಚಿನ ಮೂರು ತಿಂಗಳು ಮಳೆ, ಮಂಜು, ಗಾಳಿ. 50 ಮೀಟರಿನಾಚೆಯ ತೆಂಗಿನಕಾಯಿ ಹಾಗಿರಲಿ, ತೆಂಗಿನ ಮರವೇ ಕಾಣದ ದಿನಗಳಿರುತ್ತವೆ. ಹೀಗಾಗಿ ಎಲ್ಲರೂ ಆಗಸ್ಟ್ ಕೊನೆಯ ವಾರದಲ್ಲಿ ಒಂದೆರಡು ಬಿಸಿಲಿನ ದಿನಗಳಿಗಾಗಿ ಕಾದು, ಸಿಕ್ಕಿದ ದಿನ ನೂರು ಗುಂಡು ಹೊಡೆದು, ಅದನ್ನೇ ಅಭ್ಯಾಸವೆಂದು ಕರೆಯುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ. ವರ್ಷಕ್ಕೆ ಸುಮಾರು 150 ತೋಟೆಗಳು ಖರ್ಚಾಗುತ್ತಿದ್ದವು. ಒಂದಕ್ಕೆ ಹತ್ತಿರ ಹತ್ತಿರ 40 ರೂಪಾಯಿಯಂತೆ ಲೆಕ್ಕ ಹಾಕಿದರೆ ಆರು ಸಾವಿರವಾಗುತ್ತದೆ, ಅದೂ ಬೇಕಾದಷ್ಟು ಕೊಳ್ಳಲು ಅವಕಾಶವಿಲ್ಲದ ಸರಕು. ಇಷ್ಟಾದರೂ ಹಬ್ಬದ ದಿನ ಮೊದಲ ಗುಂಡು ಎಡಕ್ಕೆ, ಎರಡನೆಯದು ಕೆಳಕ್ಕೆ, ಮೂರನೆಯದು ಎಲ್ಲಿಗೆಂದು ಗೊತ್ತಾಗದಂತೆ ಹೋಗುತ್ತಿತ್ತು.

ಅಡಿಕೆಯ ಯೋಚನೆ ಹೊಳೆದದ್ದು ಅಂಗಳದಲ್ಲಿ ಚಾಲಿ (ಬಿಸಿಲಿನಲ್ಲಿ ಒಣಗಿಸಿದ ಅಡಿಕೆ) ಸುಲಿಸುತ್ತಿದ್ದಾಗ. ಸಿಪ್ಪೆ ತೆಗೆದ ತೆಂಗಿನಕಾಯಿಯ ಅಡ್ಡಳತೆ ಹನ್ನೊಂದು ಹನ್ನೆರಡು ಸೆಂಟಿಮೀಟರ್. ದೂರವನ್ನು ಐದರಲ್ಲೊಂದು ಭಾಗ ಮಾಡಿದರೆ 10 ಮೀಟರ್. ಕಾಯಿಯನ್ನೂ ಐದರಲ್ಲೊಂದು ಭಾಗ ಮಾಡಿದರೆ ಎರಡೂಕಾಲು ಸೆಂಟಿಮೀಟರಿಗೆ ತುಸು ಹೆಚ್ಚು. ಅದು ಒಂದು ಒಳ್ಳೆಯ ಚಾಲಿ ಅಡಿಕೆಯ ಗಾತ್ರ. ಸೈಟಿನ (ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತು) ಹಿಂದಿನಿಂದ ನೋಡುವ ಕಣ್ಣಿಗೆ 50 ಮೀಟರಿನ ತೆಂಗಿನಕಾಯಿಯೂ 10 ಮೀಟರಿನ ಅಡಿಕೆಯೂ ಒಂದೇ ಅಳತೆಯವು, ಬಣ್ಣವೂ ಸರಿಸುಮಾರು ಒಂದೇ. ನಮ್ಮ ಗೋದಾಮಿನ ಉದ್ದ ಹದಿಮೂರು ಮೀಟರ್; ಜೂನ್ ಹೊತ್ತಿಗೆ ಮೂಟೆಗಳೆಲ್ಲ ಖಾಲಿಯಾಗಿ ಅದು ಬರಿದಾಗಿರುತ್ತದೆ.

ಇದನ್ನು ಹೇಳಿದಾಗ ನನ್ನ ಸೋದರಮಾವ ಒಂದು ಮಾತು ಅಂದರು. ಅವರು ನಮ್ಮ ಸುತ್ತಿನಲ್ಲಿ ಹೆಸರಾದ ಗುರಿಕಾರರು, ನನಗೆ ಮೊದಲು ಕೋವಿ ಹಿಡಿಸಿದವರು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನೀನು ಅಡಿಕೆ ಹೊಡೆಯುತ್ತ ಕೂತರೆ ಹಬ್ಬದ ದಿನ ಮನೆಯ ಮಾನ ಹೋಗುತ್ತದೆ. ಮದ್ದಿನ ಸದ್ದು ಕೇಳದ ಭುಜಕ್ಕೆ ಗುರಿ ಬರುವುದಿಲ್ಲ." ಮೊದಲ ವರ್ಷ ಅವರ ಮಾತೇ ನಿಜವಾಯಿತು.

ಏರ್‌ಗನ್ ಕೊಂಡದ್ದು ಎರಡು ವರ್ಷದ ಹಿಂದೆ, ಸುಮಾರು ಹದಿನಾಲ್ಕು ಸಾವಿರಕ್ಕೆ. ಸ್ವದೇಶಿ, ಸ್ಪ್ರಿಂಗಿನದು, ಪಾಯಿಂಟ್ 177. ಈ ಅಳತೆಯೊಳಗಿದ್ದು, ಶಕ್ತಿಯೂ 20 ಜೂಲ್ ಮೀರದಿದ್ದರೆ 2016ರ ನಿಯಮಗಳಂತೆ ಪರವಾನಗಿಯ ಗೋಜಿಲ್ಲ. ಗ್ಯಾಸ್ ತುಂಬುವ ಏರ್‌ಗನ್ನೇ ಉತ್ತಮವೆಂದು ಹಲವರು ಹೇಳಿದರು. ನಾನು ಬೇಕೆಂದೇ ಸ್ಪ್ರಿಂಗಿನದನ್ನು ಆರಿಸಿದೆ, ಏಕೆಂದರೆ ಅದು ಶೂಟರನ ತಪ್ಪನ್ನು ಕ್ಷಮಿಸುವುದಿಲ್ಲ. ಟ್ರಿಗರ್ ಬಿಟ್ಟ ಮೇಲೆ ಪಿಸ್ಟನ್ ಮುಂದಕ್ಕೆ ಓಡಿ, ಗಾಳಿ ಒತ್ತಿ, ಪೆಲೆಟ್ (ಏರ್‌ಗನ್ನಿನ ಪುಟ್ಟ ಸೀಸದ ಗುಂಡು) ನಳಿಗೆಯಿಂದ ಹೊರಬೀಳುವವರೆಗೆ ಕೋವಿ ಎರಡು ದಿಕ್ಕಿಗೆ ಜಗ್ಗುತ್ತದೆ. ಆ ಹೊತ್ತಿನಲ್ಲಿ ತಲೆ ಎತ್ತಿ ಅಡಿಕೆ ಬಿತ್ತೇ ಎಂದು ನೋಡುವ ಚಾಳಿಯಿದ್ದರೆ ಪೆಲೆಟ್ ಎಲ್ಲಿಗೋ ಹೋಗುತ್ತದೆ. ನನ್ನ ಹನ್ನೊಂದು ವರ್ಷದ ರೋಗ ಅದೇ ಆಗಿತ್ತು. ಪಾಯಿಂಟ್ 22ರಲ್ಲಿ ಗುಂಡು ಬೇಗ ಹೊರಬೀಳುವುದರಿಂದ ಆ ರೋಗ ಅರ್ಧ ಮುಚ್ಚಿಹೋಗುತ್ತಿತ್ತು. ಏರ್‌ಗನ್ ಅದನ್ನು ಒಂದೇ ವಾರದಲ್ಲಿ ಬಯಲು ಮಾಡಿತು.

ಸ್ಪ್ರಿಂಗಿನ ಏರ್‌ಗನ್ನನ್ನು ಬಿಗಿಯಾಗಿ ಹಿಡಿಯಬಾರದು. ಅಂಗೈ ಮೇಲೆ ಅದು ಸುಮ್ಮನೆ ಮಲಗಿರಬೇಕು. ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಊರಿ, ತೋಳಿನ ಬಲಕ್ಕೆ ಬದಲು ಮೂಳೆಯ ಮೇಲೆ ಭಾರ ಬಿಟ್ಟು ನಿಲ್ಲುವುದು ನನಗೆ ಒಗ್ಗಲು ಜುಲೈ ಅರ್ಧವಾಯಿತು. ನಿಂತ ಮೇಲೆ ಕಣ್ಣು ಮುಚ್ಚಿ ಎರಡು ಉಸಿರು ಬಿಟ್ಟು ತೆರೆದಾಗ ಸೈಟು ಅಡಿಕೆಯ ಎಡಕ್ಕಿದ್ದರೆ, ಕೋವಿಯನ್ನು ತಳ್ಳದೆ ಹಿಂದಿನ ಪಾದವನ್ನು ಒಂದು ಬೆರಳಿನಷ್ಟು ಸರಿಸುತ್ತಿದ್ದೆ. ಪಾದ ಸರಿಯಾಗುವವರೆಗೆ ಗುಂಡಿಲ್ಲ ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ.

ಮೊದಲ ತಪ್ಪು ನಿಜವಾದ ಅಡಿಕೆಗೇ ಹೊಡೆದದ್ದು. ಒಣಗಿದ ಚಾಲಿ ಕಲ್ಲಿನಂತಿರುತ್ತದೆ. ದಾರದಲ್ಲಿ ತೂಗಿಬಿಟ್ಟ ಅಡಿಕೆಗೆ ಬಡಿದ ಪೆಲೆಟ್ ಮರಳಿ ಬಂದು ನನ್ನ ಕನ್ನಡಕದ ಗಾಜನ್ನು ಸೀಳಿತು. ಕನ್ನಡಕ ಇಲ್ಲದಿದ್ದರೆ ಇದನ್ನು ಬರೆಯಲು ಒಂದೇ ಕಣ್ಣು ಉಳಿಯುತ್ತಿತ್ತು. ಗಾಜಿಗೆ ಎಂಟುನೂರು ರೂಪಾಯಿ ತೆತ್ತು, ಅಂದಿನಿಂದ ಅಡಿಕೆಯ ಗಾತ್ರಕ್ಕೆ ಜೇಡಿಮಣ್ಣಿನ ಉಂಡೆ ಕಟ್ಟಿ ನೆರಳಿನಲ್ಲಿ ಅರೆಬರೆ ಒಣಗಿಸಿ ಬಳಸಿದೆ. ಅದು ಪೆಲೆಟನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಸರಿಯಾಗಿ ನಡುವಿಗೆ ಬಿದ್ದರೆ ಎರಡು ಹೋಳಾಗುತ್ತದೆ, ಆ ಸುಖವೇ ಬೇರೆ. ಹಿಂಬದಿಗೆ ಹಲಗೆಯ ಪೆಟ್ಟಿಗೆಯೊಳಗೆ ಹಳೆಯ ಬಟ್ಟೆ ಮತ್ತು ಗೋಣಿಯನ್ನು ಬಿಗಿಯಾಗಿ ತುರುಕಿದ್ದೆ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಕಾಫಿ ಲೋಟ ಹಿಡಿಯಬಾರದೆಂದು ಮನೆಯಲ್ಲಿ ಹೆಂಡತಿ ಹಾಕಿದ ನಿಯಮವನ್ನು ಇಂದಿಗೂ ಪಾಲಿಸುತ್ತೇನೆ.

ಎರಡನೆಯ ತಪ್ಪು ಹೆಚ್ಚು ದುಬಾರಿಯಾಯಿತು. ಅಡಿಕೆಯ ಅಭ್ಯಾಸದ ಜೊತೆಗೆ ರಾತ್ರಿ ಹೊತ್ತು ರೈಫಲನ್ನು ತೋಟೆ ಹಾಕದೆ ಖಾಲಿ ಹೊಡೆಯುತ್ತಿದ್ದೆ. ನನ್ನ ರೈಫಲ್ ಹಳೆಯ ಬ್ರನೋ ಕಂಪನಿಯದು, ತಂದೆಯ ಕಾಲದ್ದು. ತೋಟೆಯ ಅಂಚು ಇರಬೇಕಾದ ಜಾಗದಲ್ಲಿ ಏನೂ ಇಲ್ಲದೆ ಪಿನ್ ನೇರವಾಗಿ ಉಕ್ಕಿಗೇ ಬಡಿಯುತ್ತದೆಂಬ ಸಾಮಾನ್ಯ ತಿಳಿವಳಿಕೆಯನ್ನು ಆ ಉತ್ಸಾಹದಲ್ಲಿ ಮರೆತೆ. ತಿಂಗಳಾಗುವಷ್ಟರಲ್ಲಿ ಚೇಂಬರಿನ (ತೋಟೆ ಕೂರುವ ಗೂಡು) ಬಾಯಲ್ಲಿ ಒಂದು ಗುಳಿ ಬಿದ್ದು, ಹೊಡೆದ ತೋಟೆ ಹೊರಬರಲು ಹಟ ಮಾಡತೊಡಗಿತು. ಮೈಸೂರಿಗೆ ಒಯ್ದು ಸರಿಪಡಿಸಿಕೊಂಡು ಬರಲು ಓಡಾಟ ಸೇರಿ ಮೂರು ಸಾವಿರದ ಮೇಲೆ ಆಯಿತು. ಈಗ ಖಾಲಿ ಕೇಸನ್ನು ಹಾಕಿ, ಪ್ರತಿ ಸಲ ಅದನ್ನು ತುಸು ತಿರುಗಿಸಿ, ಹತ್ತಕ್ಕೊಮ್ಮೆ ಬೇರೆಯದನ್ನು ಹಾಕುತ್ತೇನೆ.

ಹೀಗೆಲ್ಲ ಮಾಡಿ ಮೊದಲ ವರ್ಷ ಹಬ್ಬಕ್ಕೆ ಹೋದಾಗ ಗೋದಾಮಿನಲ್ಲಿ ನಾನು ಹತ್ತಕ್ಕೆ ಎಂಟು ಉಂಡೆ ಬೀಳಿಸುತ್ತಿದ್ದೆ. ಮೈದಾನದಲ್ಲಿ ಮೂರು ಗುಂಡಿಗೆ ಒಂದು ಕಾಯಿಯೂ ಒಡೆಯಲಿಲ್ಲ. ಮಾವ ಏನೂ ಅನ್ನಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಊಟಕ್ಕೆ ಕರೆದುಕೊಂಡು ಹೋದರು. ಅವರು ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಚಳಿಗಾಲವೆಲ್ಲ ಕಾರಣ ಹುಡುಕಿದೆ. ಒಂದನೆಯದು ಟ್ರಿಗರ್. ನೀರಿನ ಬಾಟಲಿಯನ್ನು ಟ್ರಿಗರಿಗೆ ಕಟ್ಟಿ, ಕೋವಿಯನ್ನು ನೆಟ್ಟಗೆ ಹಿಡಿದು, ಲೋಟದಿಂದ ಸ್ವಲ್ಪ ಸ್ವಲ್ಪವೇ ನೀರು ತುಂಬುತ್ತ ಅದು ಬಿಡುವ ಭಾರವನ್ನು ಅಳೆದೆ. ಒಂದು ಲೀಟರಿಗೆ ಒಂದು ಕಿಲೋ, ಬೇರೆ ತಕ್ಕಡಿ ಬೇಡ. ಏರ್‌ಗನ್ ಎರಡೂವರೆ ಕಿಲೋಗೆ ಬಿಡುತ್ತಿತ್ತು, ಬ್ರನೋ ಒಂದೂವರೆಗೆ. ಮೂರು ತಿಂಗಳು ಭಾರದ ಟ್ರಿಗರಿಗೆ ಒಗ್ಗಿದ ಬೆರಳು ಹಬ್ಬದ ದಿನ ನಾನು ಸಿದ್ಧನಾಗುವ ಮುಂಚೆಯೇ ಗುಂಡು ಬಿಟ್ಟಿತ್ತು. ರೈಫಲಿನ ಟ್ರಿಗರನ್ನು ಮುಟ್ಟಲಿಲ್ಲ, ಮುಟ್ಟಲೂಬಾರದು. ಏರ್‌ಗನ್ನಿನ ಸ್ಕ್ರೂವನ್ನು ತಿರುಗಿಸಿ ಎರಡರ ಹತ್ತಿರಕ್ಕೆ ಇಳಿಸಿದೆ. ಅದಕ್ಕಿಂತ ಕೆಳಗೆ ಅದು ನಂಬಿಕೆಗೆ ಯೋಗ್ಯವಲ್ಲ. ಮೂತಿಯ ಭಾರವೂ ಬೇರೆಯಾಗಿದ್ದುದರಿಂದ ಸೀಸದ ಪಟ್ಟಿಯೊಂದನ್ನು ಹಳೆಯ ಸೈಕಲ್ ಟ್ಯೂಬಿನಲ್ಲಿ ಸುತ್ತಿ ಏರ್‌ಗನ್ನಿನ ಮುಂಭಾಗಕ್ಕೆ ಬಿಗಿದೆ.

ಎರಡನೆಯ ಕಾರಣ ಬೆಳಕು. ನನ್ನ ಅಭಿಪ್ರಾಯದಲ್ಲಿ ಇದೇ ದೊಡ್ಡದು. ಗೋದಾಮಿನಲ್ಲಿ ಟ್ಯೂಬ್‌ಲೈಟು ನನ್ನ ತಲೆಯ ಮೇಲಿತ್ತು, ಉಂಡೆ ಅರೆಗತ್ತಲಲ್ಲಿತ್ತು. ಮೈದಾನದಲ್ಲಿ ಮಳೆ ತೊಳೆದ ಆಕಾಶದ ಬಿಸಿಲು ಸೈಟಿನ ಮೇಲೆಯೇ ಬಿದ್ದು, ಮುಂದಿನ ಸೈಟಿನ ತುದಿ ಹೊಳೆದು, ಅದರ ಅಂಚು ಎಲ್ಲಿದೆ ಎಂಬುದೇ ಕಣ್ಣಿಗೆ ತಪ್ಪುತ್ತಿತ್ತು. ಇದಕ್ಕೆ ಪರಿಹಾರ ದೇವರ ಕೋಣೆಯಲ್ಲೇ ಇತ್ತು. ಕರ್ಪೂರದ ಬಿಲ್ಲೆಯೊಂದನ್ನು ಹಚ್ಚಿ ಅದರ ಹೊಗೆಗೆ ಸೈಟನ್ನು ಹಿಡಿದರೆ ಕೂರುವ ಮಸಿಯಷ್ಟು ಕಪ್ಪು ಬೇರೆ ಯಾವ ಬಣ್ಣವೂ ಇಲ್ಲ. ಹೊಳಪು ಲವಲೇಶವೂ ಉಳಿಯುವುದಿಲ್ಲ. ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಆದ್ದರಿಂದ ನನ್ನ ಸರದಿಗೆ ಹತ್ತು ನಿಮಿಷ ಮುಂಚೆ ಹಚ್ಚುತ್ತೇನೆ. ಗೋದಾಮಿನಲ್ಲೂ ವ್ಯವಸ್ಥೆಯನ್ನು ತಿರುಗಿಸಿ, ಉಂಡೆಯ ಮೇಲೆ ಜೋರಾದ ಬಲ್ಬ್ ಹಾಕಿದೆ. ನಾನು ನಿಲ್ಲುವ ಕಡೆ ಒಂದು ದಿನ ಬಾಗಿಲು ತೆರೆದು, ಒಂದು ದಿನ ಮುಚ್ಚಿ ಅಭ್ಯಾಸ ಮಾಡಿದೆ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಚಿನ್ನದ ತಕ್ಕಡಿಯಲ್ಲಿ ತೋಟೆಗಳನ್ನು ತೂಗಿ ಬೇರ್ಪಡಿಸಿದೆ. ನನ್ನ ಮಟ್ಟದ ಕೈಗೆ ಅದರಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಶಬ್ದಕ್ಕಿಂತ ವೇಗದ ತೋಟೆ ಮತ್ತು ಶಬ್ದಕ್ಕಿಂತ ನಿಧಾನದ, ಸೆಕೆಂಡಿಗೆ ಸುಮಾರು 320 ಮೀಟರಿನ ತೋಟೆ ಎರಡನ್ನೂ ಹೋಲಿಸಿದಾಗ ನಿಧಾನದ್ದು ನನ್ನ ನಳಿಗೆಯಲ್ಲಿ ಸ್ಪಷ್ಟವಾಗಿ ಗೆದ್ದಿತು: ಚೀಲದ ಮೇಲೊರಗಿಸಿ ಹೊಡೆದ ಐದು ಗುಂಡುಗಳು ಎರಡು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತಿದ್ದವು. ಪೆಲೆಟಿಗೆ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಬಾರದೆಂದು ಯಾರೋ ಹೇಳಿದ್ದನ್ನು ನಂಬಿ ಸವರಿದೆ. ಪಿಸ್ಟನ್ ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿ ಢಂ ಎಂದು ಸದ್ದಾಗಿ, ನಳಿಗೆಯಿಂದ ಹೊಗೆ ಬಂದು, ಪೆಲೆಟ್‌ಗಳು ಗೇಣಗಲ ಚದುರಿದವು. ನಳಿಗೆ ಒರೆಸಿ ಒರೆಸಿ ಸಹಜ ಸ್ಥಿತಿಗೆ ತರಲು ಒಂದು ವಾರ ಹಿಡಿಯಿತು.

ಎರಡನೆಯ ಮಳೆಗಾಲದಲ್ಲಿ ದಿನಕ್ಕೆ 40 ಪೆಲೆಟ್, ವಾರಕ್ಕೆ ಐದು ದಿನ, ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ಹೊಡೆದೆ. ಒಟ್ಟು 2,400ರ ಆಸುಪಾಸು. ಒಂದಕ್ಕೆ ಒಂದೂವರೆ ರೂಪಾಯಿಯಂತೆ ಮೂರು ಸಾವಿರದ ಆರುನೂರು. ತೋಟೆಗಳು ಆ ವರ್ಷ 45 ಮಾತ್ರ ಖರ್ಚಾದವು, ಅದರಲ್ಲಿ ಇಪ್ಪತ್ತು ಸೈಟನ್ನು ಗುರಿಗೆ ಹೊಂದಿಸಲು. ನಲವತ್ತಕ್ಕಿಂತ ಹೆಚ್ಚು ಹೊಡೆದ ದಿನ ಕೊನೆಯ ಹತ್ತು ಯಾವಾಗಲೂ ಕೆಟ್ಟಿರುತ್ತಿದ್ದವು, ಮತ್ತು ಆ ಕೆಟ್ಟ ಹತ್ತು ಮರುದಿನಕ್ಕೂ ಅಂಟಿಕೊಳ್ಳುತ್ತಿದ್ದವು. ಕೈ ಸೋಲುವ ಮುಂಚೆ ನಿಲ್ಲಿಸುವುದನ್ನು ಕಲಿಯಲು ನನಗೆ ಇಡೀ ಒಂದು ಮಳೆಗಾಲ ಬೇಕಾಯಿತು.

ಮುಂದಿನ ಸೈಟಿಗೆ ನಾನು ಹಾಕಿಕೊಂಡಿರುವ ಉಂಗುರದ ಒಳಅಳತೆಯನ್ನೂ, ಉಸಿರು ಹಿಡಿದ ಮೇಲೆ ಎಷ್ಟು ಎಣಿಸಿ ಟ್ರಿಗರ್ ಬಿಡುತ್ತೇನೆಂಬುದನ್ನೂ ಇಲ್ಲಿ ಹೇಳುವುದಿಲ್ಲ. ಈ ವರ್ಷವೂ ಸ್ಪರ್ಧೆಯಿದೆ, ಓದುವವರಲ್ಲಿ ನನ್ನ ಎದುರಾಳಿಗಳೂ ಇದ್ದಾರೆ.

ಹಬ್ಬದ ದಿನ ಎಪ್ಪತ್ತಕ್ಕೂ ಹೆಚ್ಚು ಮಂದಿ ಸೇರಿದ್ದರು. ನಮ್ಮೂರಿನಲ್ಲಿ ಮೂರು ಗುಂಡಿನೊಳಗೆ ಕಾಯಿ ಒಡೆದವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಕೊನೆಯಲ್ಲಿ ಸಮವಾದರೆ ಇಡೀ ಕಾಯಿಯ ಬದಲು ಅರ್ಧ ಕರಟವನ್ನು ಕಟ್ಟುತ್ತಾರೆ. ಮೊದಲ ಸುತ್ತಿನಲ್ಲಿ ನನ್ನ ಮೊದಲ ಗುಂಡಿಗೇ ನೀರು ಚಿಮ್ಮಿತು. ಎರಡನೆಯ ಸುತ್ತಿನಲ್ಲೂ ಹಾಗೆಯೇ ಆಯಿತು. ಮೂರನೆಯದರಲ್ಲಿ ಗಾಳಿ ಎದ್ದು ಕಾಯಿ ತೂಗತೊಡಗಿದಾಗ ಕೋವಿ ಇಳಿಸಿ, ಕಾದು, ಮತ್ತೆ ಎತ್ತಿದೆ. ಎರಡನೆಯ ಗುಂಡಿಗೆ ಬಿತ್ತು. ಕೊನೆಗೆ ಉಳಿದವರು ಇಬ್ಬರು, ಇನ್ನೊಬ್ಬರು ನಾಲ್ಕು ವರ್ಷ ಬಹುಮಾನ ಗೆದ್ದವರು. ಅವರ ಗುಂಡು ಕರಟದ ಅಂಚನ್ನು ಸವರಿ ಹೋಯಿತು. ನನ್ನದು ನಡುವಿನಲ್ಲಿ ತೂತು ಮಾಡಿತು. ಆ ಕರಟ ಈಗ ನಮ್ಮ ಮನೆಯ ಜಗುಲಿಯ ಗೋಡೆಯ ಮೇಲಿದೆ, ಬಂದವರಿಗೆಲ್ಲ ತೋರಿಸುತ್ತೇನೆ.

ಮುಂದಿನ ಭಾನುವಾರ ಮಾವ ಗೋದಾಮಿಗೆ ಬಂದರು. ಏರ್‌ಗನ್ ಎತ್ತಿ ಹತ್ತು ಹೊಡೆದರು, ಎರಡು ಬಿದ್ದವು. ಇನ್ನೊಂದು ಹತ್ತು ಕೊಡು ಎಂದರು. ನೋಡುತ್ತಿದ್ದಾಗ ನನಗೊಂದು ಸಂಗತಿ ಹೊಳೆಯಿತು: ಅವರು ಬಲಗೈಯಲ್ಲಿ ಹೊಡೆಯುತ್ತಾರೆ, ಆದರೆ ಎರಡೂ ಕಣ್ಣು ತೆರೆದು ಬೆರಳಿನಿಂದ ಬಾಗಿಲ ಚಿಲಕವನ್ನು ತೋರಿಸಲು ಹೇಳಿದಾಗ ಬೆರಳು ಎಡಗಣ್ಣಿನ ನೇರಕ್ಕೆ ನಿಂತಿತು, ಅಂದರೆ ಅವರ ಗುರಿ ನೋಡುವ ಕಣ್ಣು ಎಡಗಣ್ಣು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಕೈ ಬದಲಿಸಿ ಎನ್ನಲಾಗುವುದಿಲ್ಲ. ಅವರ ಕನ್ನಡಕದ ಎಡಗಾಜಿನ ನಡುವೆ ನಾಣ್ಯದಷ್ಟು ಅರೆಪಾರದರ್ಶಕ ಟೇಪ್ ಅಂಟಿಸಿದೆವು. ಕಣ್ಣು ಮುಚ್ಚಬೇಕಾಗಿಲ್ಲ, ಬೆಳಕು ಎರಡಕ್ಕೂ ಬೀಳುತ್ತದೆ, ಸೈಟು ಮಾತ್ರ ಬಲಗಣ್ಣಿಗೇ ಕಾಣುತ್ತದೆ. ಈಗ ವಾರಕ್ಕೆ ಎರಡು ಸಂಜೆ ಬರುತ್ತಾರೆ. ಕಳೆದ ವಾರ ಹತ್ತಕ್ಕೆ ಆರು ಉಂಡೆ ಬೀಳಿಸಿ, ಇನ್ನು ಮೇಲೆ ಮಣ್ಣನ್ನು ತಾವೇ ಕಲಸಿ ತರುವುದಾಗಿ ಹೇಳಿ ಹೋಗಿದ್ದಾರೆ.