ಪ್ಲೇಯರ್ ತಾನೇ ಮುಚ್ಚಿಕೊಳ್ಳುತ್ತಿದೆಯಾ? ಅನ್‌ಇನ್‌ಸ್ಟಾಲ್ ಮಾಡುವ ಮುಂಚೆ ಇಷ್ಟು ನೋಡಿ

ಸಾಗರದ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಜಗಲಿಯ ಮೂಲೆಯಲ್ಲಿ ಒಂದು ಹಳೆ ಕಂಪ್ಯೂಟರ್ ಇದೆ. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, ವಿಂಡೋಸ್ 7. ಅದಕ್ಕೆ ಇರುವುದು ಒಂದೇ ಕೆಲಸ. ರಾತ್ರಿ ಊಟ ಆದ ಮೇಲೆ ದೊಡ್ಡಪ್ಪನಿಗೆ ಯಕ್ಷಗಾನ ತೋರಿಸಬೇಕು, ತಾಳಮದ್ದಳೆ ಕೇಳಿಸಬೇಕು. ಅದಕ್ಕೆ ಅವರು ಬಳಸುವುದು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್. ಕಳೆದ ಮಳೆಗಾಲದಲ್ಲಿ ಫೋನ್ ಬಂತು. "ಪ್ಲೇಯರ್ ತನ್ನಷ್ಟಕ್ಕೇ ಮುಚ್ಚಿಕೊಳ್ತದೆ ಮಾರಾಯ. ಮೂರು ಸಲ ತೆಗೆದು ಮತ್ತೆ ಹಾಕಿದೆ. ಅದೇ ಕತೆ."

ತೆಗೆದು ಮತ್ತೆ ಹಾಕುವುದು ಎಲ್ಲರ ಮೊದಲ ಮದ್ದು, ಅಲ್ವಾ? ವಿಎಲ್‌ಸಿ ವಿಷಯದಲ್ಲಿ ಈ ಮದ್ದು ಅಷ್ಟಾಗಿ ಹತ್ತುವುದಿಲ್ಲ. ಅನ್‌ಇನ್‌ಸ್ಟಾಲ್ ಮಾಡುವಾಗ ಪ್ರಿಫರೆನ್ಸಸ್ ಕೂಡ ಅಳಿಸಬೇಕೇ ಎಂದು ಕೇಳುವ ಚಿಕ್ಕ ಚೌಕವೊಂದು ಬರುತ್ತದೆ. ಅದಕ್ಕೆ ಟಿಕ್ ಹಾಕದೆ ಮುಂದೆ ಹೋದರೆ ಹಳೆ ಸೆಟ್ಟಿಂಗ್ ಎಲ್ಲಾ ಡಿಸ್ಕಿನಲ್ಲೇ ಉಳಿಯುತ್ತದೆ. ಹೊಸದಾಗಿ ಹಾಕಿದ ಪ್ಲೇಯರ್ ಅದನ್ನೇ ಎತ್ತಿಕೊಳ್ಳುತ್ತದೆ. ಜೊತೆಗೆ, ಹಳೆ ಕಂಪ್ಯೂಟರುಗಳಲ್ಲಿ ಎಷ್ಟೋ ಸಲ ತಪ್ಪು ಪ್ಲೇಯರಿನದ್ದೇ ಆಗಿರುವುದಿಲ್ಲ. ಗ್ರಾಫಿಕ್ಸ್ ಡ್ರೈವರ್ (ಚಿತ್ರ ಮೂಡಿಸುವ ಚಿಪ್ ನಡೆಸುವ ಪ್ರೋಗ್ರಾಮ್), ಫೈಲ್, ಶಾಖ, ರ‍್ಯಾಮ್, ಡಿಸ್ಕ್ ಇವುಗಳಲ್ಲಿ ಯಾವುದೋ ಒಂದು ಕೈಕೊಟ್ಟಿರುತ್ತದೆ. ಬಾಗಿಲಲ್ಲಿ ನಿಂತ ಪ್ಲೇಯರ್ ಬೈಸಿಕೊಳ್ಳುತ್ತದೆ.

ಹಾಗಾಗಿ ಮೊದಲ ಕೆಲಸ, ಏನನ್ನೂ ಮುಟ್ಟದೆ ನೋಡುವುದು.

ಹೇಗೆ ನಿಲ್ಲುತ್ತದೆ?

"ಕ್ರ್ಯಾಶ್ ಆಯ್ತು" ಎಂದು ನಾವು ಮೂರು ಬೇರೆ ಬೇರೆ ಸಂಗತಿಗೆ ಹೇಳುತ್ತೇವೆ. ಪ್ಲೇಯರ್ ಮಾತ್ರ ಮುಚ್ಚಿಕೊಂಡು, "ಸ್ಟಾಪ್ಡ್ ವರ್ಕಿಂಗ್" ಎಂಬ ಚೌಕ ಬಂದರೆ ಅದು ನಿಜವಾದ ಕ್ರ್ಯಾಶ್. ಕಿಟಕಿ ಮಸುಕಾಗಿ "ನಾಟ್ ರೆಸ್ಪಾಂಡಿಂಗ್" ಎಂದು ಕೂತರೆ ಹ್ಯಾಂಗ್. ಇದಕ್ಕೆ ಹೆಚ್ಚಾಗಿ ಡಿಸ್ಕ್ ಅಥವಾ ಪೆನ್‌ಡ್ರೈವ್ ಕಾರಣ. ಇಡೀ ಕಂಪ್ಯೂಟರೇ ಆಫ್ ಆದರೆ, ರೀಸ್ಟಾರ್ಟ್ ಆದರೆ ಅಥವಾ ನೀಲಿ ಪರದೆ ಬಂದರೆ ಪ್ಲೇಯರನ್ನು ಮರೆತುಬಿಡಿ. ಡ್ರೈವರ್ ಇಲ್ಲವೇ ಯಂತ್ರದ ಕಡೆ ನೋಡಿ.

ದೊಡ್ಡಪ್ಪನನ್ನೂ ಕೇಳಿದೆ. "ಮುಚ್ಚುವಾಗ ಏನಾದರೂ ಬರೆದು ತೋರಿಸ್ತದಾ?" "ಏನೋ ಬರ್ತದೆ. ಓದೋದ್ರೊಳಗೆ ನಾನು ಕ್ಲೋಸ್ ಒತ್ತಿಬಿಡ್ತೇನೆ."

ಪರವಾಗಿಲ್ಲ, ನಾವು ಒತ್ತಿಬಿಟ್ಟರೂ ವಿಂಡೋಸ್ ಅದನ್ನು ಬರೆದಿಟ್ಟುಕೊಂಡಿರುತ್ತದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಐದು ನಿಮಿಷದ ಒಂದು ಪರೀಕ್ಷೆ ಮಾಡಿ. ಮುಚ್ಚಿಕೊಳ್ಳುವ ಫೈಲನ್ನು ಮೊಬೈಲಿಗೋ ಬೇರೆ ಲ್ಯಾಪ್‌ಟಾಪಿಗೋ ಹಾಕಿ ನೋಡಿ. ಅಲ್ಲೂ ಅದೇ ಜಾಗದಲ್ಲಿ ನಿಂತರೆ ಫೈಲೇ ಕೆಟ್ಟಿದೆ, ಅರ್ಧ ಡೌನ್‌ಲೋಡ್ ಆಗಿರಬಹುದು. ಅಲ್ಲಿ ಸರಿಯಾಗಿ ಓಡಿದರೆ, ಬೇರೆ ನಾಲ್ಕು ಫೈಲುಗಳನ್ನು ಹಳೆ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಪೆನ್‌ಡ್ರೈವಿನಿಂದ ನೇರವಾಗಿ ಓಡಿಸುತ್ತಿದ್ದರೆ ಮೊದಲು ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಕಾಪಿಯೇ ಅರ್ಧಕ್ಕೆ ನಿಂತರೆ ನಿಮ್ಮ ಹುಡುಕಾಟ ಅಲ್ಲಿಗೆ ಮುಗಿಯಿತು.

ಯಾರು ಕೆಡವಿದ್ದು ಎಂದು ವಿಂಡೋಸನ್ನೇ ಕೇಳಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ವಿಂಡೋಸ್ 7ರಿಂದ ಈಚೆಗಿನ ಯಾವುದೇ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಮೆನುವಿನಲ್ಲಿ "ರಿಲಯಬಿಲಿಟಿ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. "ವ್ಯೂ ರಿಲಯಬಿಲಿಟಿ ಹಿಸ್ಟರಿ" ಎಂದು ಬರುತ್ತದೆ. ತೆರೆದರೆ ದಿನಕ್ಕೊಂದು ಕಂಬ ಇರುವ ಕ್ಯಾಲೆಂಡರ್ ತರಹದ ಪುಟ. ಯಾವ ದಿನ ಏನು ಬಿದ್ದಿದೆಯೋ ಅಲ್ಲೆಲ್ಲ ಕೆಂಪು ಗುರುತು. ಪ್ಲೇಯರ್ ಹೆಸರಿರುವ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಒಳಗೆ "ಫಾಲ್ಟ್ ಮಾಡ್ಯೂಲ್ ನೇಮ್" ಎಂಬ ಸಾಲನ್ನು ಹುಡುಕಿ. ಪ್ಲೇಯರ್ ಬಿದ್ದಾಗ ಯಾವ ತುಂಡು ಕೆಲಸ ಮಾಡುತ್ತಿತ್ತು ಎಂಬುದು ಅಲ್ಲಿರುತ್ತದೆ.

ಹೆಸರಿನ ಮೊದಲ ಅಕ್ಷರಗಳನ್ನು ನೋಡಿದರೆ ಸಾಕು. ಐ, ಜಿ ಎಂದು ಶುರುವಾದರೆ ಹೆಚ್ಚಾಗಿ ಇಂಟೆಲ್ ಗ್ರಾಫಿಕ್ಸ್ ಡ್ರೈವರ್. ಎನ್, ವಿ ಇದ್ದರೆ ಎನ್‌ವಿಡಿಯಾ. ಎ, ಟಿ, ಐ ಇದ್ದರೆ ಎಎಂಡಿ. "ಲಿಬ್‌ಎವಿಕೋಡೆಕ್" ಎಂದಿದ್ದರೆ ಒತ್ತಿ ಚಿಕ್ಕದು ಮಾಡಿಟ್ಟ ವಿಡಿಯೊವನ್ನು ಬಿಡಿಸುವಾಗ ಸಿಕ್ಕಿಹಾಕಿಕೊಂಡಿದೆ, ಫೈಲಿನ ಮೇಲೆ ಅನುಮಾನ ಪಡಿ. "ಎನ್‌ಟಿಡಿಎಲ್‌ಎಲ್" ಎಂದು ಬಂದರೆ ಅದು ವಿಂಡೋಸಿನದೇ ತುಂಡು, ಅದರಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ಒಂದೊಂದು ಸಲ ಒಂದೊಂದು ಹೆಸರು ಬರುತ್ತಿದ್ದರೆ, ಬೇರೆ ಪ್ರೋಗ್ರಾಮುಗಳೂ ಬೀಳುತ್ತಿದ್ದರೆ, ರ‍್ಯಾಮ್ ಪರೀಕ್ಷೆ ಮಾಡಿಸುವ ಹೊತ್ತು ಬಂದಿದೆ.

ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಹನ್ನೊಂದು ಕೆಂಪು ಗುರುತು. ಹನ್ನೊಂದರಲ್ಲೂ ಗ್ರಾಫಿಕ್ಸ್ ಡ್ರೈವರಿನದೇ ಹೆಸರು.

ಒಂದು ಸೆಟ್ಟಿಂಗ್

ವಿಡಿಯೊ ಬಿಡಿಸುವ ಕೆಲಸವನ್ನು ಪ್ರೊಸೆಸರ್ ಮಾಡಬಹುದು, ಇಲ್ಲವೇ ಗ್ರಾಫಿಕ್ಸ್ ಚಿಪ್‌ಗೆ ವಹಿಸಬಹುದು. 2018ರ ಫೆಬ್ರುವರಿಯಲ್ಲಿ ಬಂದ ವಿಎಲ್‌ಸಿ 3.0ರಿಂದ ಈ ವಹಿಸುವಿಕೆ ತಾನಾಗಿಯೇ ಆನ್ ಆಗಿರುತ್ತದೆ. ಹೊಸ ಯಂತ್ರಗಳಿಗೆ ಇದು ಒಳ್ಳೆಯದೇ. ಆದರೆ ಹತ್ತು ಹದಿನೈದು ವರ್ಷ ಹಳೆಯ ಡ್ರೈವರಿಗೆ ಇದ್ದಕ್ಕಿದ್ದಂತೆ ಕೆಲಸ ಬಿದ್ದಾಗ ಅದು ಎಡವುತ್ತದೆ. "ಅಪ್‌ಡೇಟ್ ಮಾಡಿದ ಮೇಲೇ ಶುರುವಾಯ್ತು" ಎಂದು ಹೇಳುವವರಲ್ಲಿ ಎಷ್ಟೋ ಜನರ ತೊಂದರೆ ಇದೇ.

ಮೊದಲು ಹಳೆ ಸೆಟ್ಟಿಂಗ್ ತೊಳೆಯಿರಿ. ಸ್ಟಾರ್ಟ್ ಮೆನುವಿನ ವಿಡಿಯೋಲ್ಯಾನ್ (ವಿಎಲ್‌ಸಿ ತಯಾರಿಸುವವರ ಹೆಸರು) ಫೋಲ್ಡರಿನಲ್ಲಿ "ರೀಸೆಟ್ ಪ್ರಿಫರೆನ್ಸಸ್ ಆ್ಯಂಡ್ ಕ್ಯಾಶ್ ಫೈಲ್ಸ್" ಎಂಬ ಶಾರ್ಟ್‌ಕಟ್ ಇರುತ್ತದೆ. ಪ್ಲೇಯರ್ ತೆರೆಯುವ ಮೊದಲೇ ಮುಚ್ಚಿಕೊಳ್ಳುತ್ತಿದ್ದರೂ ಇದು ಕೆಲಸ ಮಾಡುತ್ತದೆ. ಆಮೇಲೆ ಪ್ಲೇಯರ್ ತೆರೆದು ಕಂಟ್ರೋಲ್ ಮತ್ತು ಪಿ ಒತ್ತಿ. "ಇನ್‌ಪುಟ್/ಕೋಡೆಕ್ಸ್" ಗೆ ಹೋಗಿ, "ಹಾರ್ಡ್‌ವೇರ್ ಆ್ಯಕ್ಸಿಲರೇಟೆಡ್ ಡಿಕೋಡಿಂಗ್" ಎದುರಿಗೆ "ಆಟೊಮ್ಯಾಟಿಕ್" ಬದಲು "ಡಿಸೇಬಲ್" ಆರಿಸಿ, ಸೇವ್ ಮಾಡಿ. ಪ್ಲೇಯರ್ ಮುಚ್ಚಿ ಮತ್ತೆ ತೆರೆಯಿರಿ.

ಇನ್ನೂ ಬೀಳುತ್ತಿದ್ದರೆ ಅದೇ ಕಿಟಕಿಯಲ್ಲಿ "ವಿಡಿಯೊ" ಗೆ ಹೋಗಿ. "ಔಟ್‌ಪುಟ್" ಅನ್ನು ಡೈರೆಕ್ಟ್3ಡಿ9 ಮಾಡಿ ನೋಡಿ, ಆಗದಿದ್ದರೆ ಓಪನ್‌ಜಿಎಲ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ಡ್ರೈವರನ್ನೇ ಹೊಸದು ಮಾಡಬಾರದೇ? ಮಾಡಬಹುದು, ಕಂಪ್ಯೂಟರ್ ಅಥವಾ ಚಿಪ್ ತಯಾರಿಸಿದವರ ಸೈಟಿನಲ್ಲಿ ಸಿಕ್ಕಿದರೆ. "ನಿಮ್ಮ ಎಲ್ಲಾ ಡ್ರೈವರ್ ಸರಿ ಮಾಡುತ್ತೇವೆ" ಎನ್ನುವ ಉಚಿತ ಪ್ರೋಗ್ರಾಮುಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ.

ಪ್ಲೇಯರನ್ನು ಎಲ್ಲಿಂದ ಇಳಿಸಿದ್ದು ಎಂಬುದೂ ಮುಖ್ಯ. 2022ರ ಫೆಬ್ರುವರಿಯಿಂದ ನವೆಂಬರ್ ತನಕ ವಿಡಿಯೋಲ್ಯಾನ್ ಸೈಟನ್ನು ಭಾರತದಲ್ಲಿ ತಡೆಹಿಡಿದಿದ್ದರು. ಆ ತಿಂಗಳುಗಳಲ್ಲಿ ಸಿಕ್ಕಿದ ಕಡೆಯಿಂದ ಇಳಿಸಿಕೊಂಡಿದ್ದರೆ, ಜೊತೆಗೆ ಇನ್ನೇನೇನು ಬಂದಿದೆಯೋ ಹೇಳಲಾಗದು. ಅಂಥದ್ದನ್ನು ತೆಗೆದು ವಿಡಿಯೋಲ್ಯಾನ್ ಡಾಟ್ ಆರ್ಗ್‌ನಿಂದಲೇ ಮತ್ತೆ ಹಾಕಿ. ಇಲ್ಲಿ ಮಾತ್ರ ಅನ್‌ಇನ್‌ಸ್ಟಾಲ್‌ಗೆ ನನ್ನ ಒಪ್ಪಿಗೆ ಇದೆ. ಆ ಚಿಕ್ಕ ಚೌಕಕ್ಕೆ ಟಿಕ್ ಮರೆಯಬೇಡಿ.

ಸರಿಹೋಯಿತು ಎಂದುಕೊಂಡಾಗ

ಡಿಸೇಬಲ್ ಮಾಡಿದ ಮೇಲೆ ದೊಡ್ಡಪ್ಪನ ಪ್ಲೇಯರ್ ಬೀಳಲಿಲ್ಲ. ಖುಷಿಯಿಂದ ಕಾಫಿ ಕುಡಿದೆವು. ನಲವತ್ತು ನಿಮಿಷ ಆಗಿರಬೇಕು, ಕಂಪ್ಯೂಟರೇ ಆಫ್ ಆಯಿತು. ಕರೆಂಟ್ ಹೋಗಿರಲಿಲ್ಲ. ಮತ್ತೆ ಆನ್ ಮಾಡಿದರೆ ಈ ಸಲ ಹತ್ತೇ ನಿಮಿಷ.

ನಿಮಿಷ ಕಮ್ಮಿ ಆಗುತ್ತಾ ಹೋಗುವುದೇ ಸುಳಿವು. ಗ್ರಾಫಿಕ್ಸ್ ಚಿಪ್ ಬಿಟ್ಟ ಕೆಲಸವೆಲ್ಲ ಈಗ ಪ್ರೊಸೆಸರ್ ತಲೆಗೆ ಬಿದ್ದಿದೆ. ಅದು ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗದಿದ್ದರೆ ಸುಟ್ಟುಹೋಗದಂತೆ ತಾನೇ ಆಫ್ ಮಾಡಿಕೊಳ್ಳುತ್ತದೆ. ಎಚ್‌ಡಬ್ಲ್ಯುಮಾನಿಟರ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಬಿಸಿ ಎಷ್ಟಿದೆ ನೋಡಬಹುದು. ವಿಡಿಯೊ ಓಡುವಾಗ 90 ಡಿಗ್ರಿ ಹತ್ತಿರ ಬಂದರೆ ಸೆಟ್ಟಿಂಗ್ ಬಿಟ್ಟು ಸ್ಕ್ರೂಡ್ರೈವರ್ ಹಿಡಿಯಿರಿ.

ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆಯಿರಿ. ನಮಗೆ ಸಿಕ್ಕಿದ್ದು ಫ್ಯಾನಿನ ಕೆಳಗೆ ಕಂಬಳಿಯ ಹಾಗೆ ಕೂತ ಧೂಳು, ಎರಡು ಸತ್ತ ಜಿರಳೆ. ಒಣಗಿದ ಹೊಸ ಪೇಂಟ್ ಬ್ರಷ್ ಸಾಕು. ಬ್ಲೋವರ್ ಬಳಸುವುದಾದರೆ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಬೇಡ. ಪ್ರೊಸೆಸರ್ ಮತ್ತು ಅದರ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ನಡುವಿನ ಪೇಸ್ಟ್ ವರ್ಷಗಳಲ್ಲಿ ಒಣಗಿ ಸುಣ್ಣದಂತಾಗುತ್ತದೆ. ಕೈ ಪಳಗಿಲ್ಲದಿದ್ದರೆ ಅದನ್ನು ಅಂಗಡಿಯವರಿಗೇ ಬಿಡಿ, ಬಿಚ್ಚುವಾಗ ಕ್ಲಿಪ್ ಮುರಿದುಕೊಳ್ಳುವುದು ಸುಲಭ.

ಮುಚ್ಚಳ ತೆಗೆದದ್ದೇ ಆಯಿತು, ರ‍್ಯಾಮ್ ಕೂಡ ಕಿತ್ತು ನೋಡಿ. ಮಲೆನಾಡು, ಕರಾವಳಿಯ ತೇವಕ್ಕೆ ಅದರ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗುತ್ತವೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವಂತೆ ಕೂರಿಸಿ. ರಿಪೇರಿ ಅಂಗಡಿಯಲ್ಲಿ ಮೊದಲು ಮಾಡುವುದೂ ಇದನ್ನೇ. ಆಮೇಲೂ ಅನುಮಾನ ಇದ್ದರೆ ಸ್ಟಾರ್ಟ್ ಮೆನುವಿನಲ್ಲಿ ಸಿಗುವ "ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್" ಓಡಿಸಿ.

ಮೊಮ್ಮಗಳ ಹುಟ್ಟುಹಬ್ಬ ಮಾತ್ರ ಓಡುವುದಿಲ್ಲ

ಯಕ್ಷಗಾನ ಸರಿಯಾಯಿತು. ಅಕ್ಕ ಮೊಬೈಲಿನಲ್ಲಿ ತೆಗೆದು ಕಳಿಸಿದ ಹುಟ್ಟುಹಬ್ಬದ ವಿಡಿಯೊ ಮಾತ್ರ ತುಂಡು ತುಂಡಾಗಿ ಬಂದು, ಮಾತು ಒಂದು ಕಡೆ ಚಿತ್ರ ಒಂದು ಕಡೆ ಆಗಿ, ಕೊನೆಗೆ ಹ್ಯಾಂಗ್.

ವಿಡಿಯೊ ಓಡುವಾಗ ಕಂಟ್ರೋಲ್ ಮತ್ತು ಜೆ ಒತ್ತಿ. ಕೋಡೆಕ್, ಅಂದರೆ ವಿಡಿಯೊವನ್ನು ಒತ್ತಿ ಚಿಕ್ಕದು ಮಾಡಿದ ವಿಧಾನ, ಯಾವುದೆಂದು ತೋರಿಸುತ್ತದೆ. ಎಚ್.264 ಎಂದಿದ್ದರೆ ಅದು 2003ರ ಮಾದರಿ, ಹಳೆ ಯಂತ್ರವೂ ಹೇಗೋ ಎಳೆಯುತ್ತದೆ. ಎಚ್‌ಇವಿಸಿ ಅಥವಾ ಎಚ್.265 ಎಂದಿದ್ದರೆ ಅದು ಬಂದದ್ದು 2013ರಲ್ಲಿ. ಕಮ್ಮಿ ಜಾಗದಲ್ಲಿ ಅಷ್ಟೇ ಒಳ್ಳೆಯ ಚಿತ್ರ ಹಿಡಿಸುತ್ತದೆ, ಆದರೆ ಬಿಡಿಸಲು ಬಹಳ ಲೆಕ್ಕ ಬೇಕು. ಕೋರ್ 2 ಡ್ಯುಯೊ ಕಾಲದ ಯಂತ್ರದಲ್ಲಿ ಅದಕ್ಕೆಂದು ಬೇರೆ ಸರ್ಕ್ಯೂಟ್ ಇಲ್ಲ. ಇದಕ್ಕೆ ಯಾವ ಸೆಟ್ಟಿಂಗೂ ಪೂರ್ತಿ ಪರಿಹಾರ ಅಲ್ಲ.

ದಾರಿ ಎರಡು. ತೆಗೆಯುವವರ ಮೊಬೈಲಿನಲ್ಲೇ ಬದಲಿಸುವುದು ಒಂದು. ಐಫೋನ್ ಆದರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ "ಮೋಸ್ಟ್ ಕಂಪ್ಯಾಟಿಬಲ್". ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ಹೆಸರು. "ಹೈ ಎಫಿಷಿಯನ್ಸಿ" ಅಥವಾ "ಎಚ್‌ಇವಿಸಿ" ಎಂದು ಇರುವುದನ್ನು ಆಫ್ ಮಾಡಿ. ಈಗಾಗಲೇ ತೆಗೆದದ್ದಕ್ಕೆ ಇನ್ನೊಂದು ದಾರಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಮನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಹಾಕಿ, "ಫಾಸ್ಟ್ 720ಪಿ30" ಆರಿಸಿ ಪರಿವರ್ತಿಸಿ. ಹಳೆ ಕಂಪ್ಯೂಟರಿನಲ್ಲೇ ಮಾಡಲು ಹೋಗಬೇಡಿ, ರಾತ್ರಿ ಕಳೆದರೂ ಮುಗಿಯುವುದಿಲ್ಲ.

ಕೋಡೆಕ್ ಪ್ಯಾಕ್ ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಬಹುದು. ವಿಎಲ್‌ಸಿ ತನ್ನ ಕೋಡೆಕ್‌ಗಳನ್ನು ತಾನೇ ಹೊತ್ತು ತರುತ್ತದೆ, ಹೊರಗಿನದು ಅದಕ್ಕೆ ಬೇಡ. ಎರಡು ಮೂರು ಪ್ಯಾಕ್ ಒಂದರ ಮೇಲೊಂದು ಹಾಕಿದ ಕಂಪ್ಯೂಟರುಗಳಲ್ಲಿ ಬೇರೆಯೇ ಕಾಟ ಶುರುವಾಗುತ್ತದೆ. ವಿಡಿಯೊ ಫೋಲ್ಡರ್ ತೆರೆದರೆ ಸಾಕು, "ಕಾಮ್ ಸರೊಗೇಟ್ ಹ್ಯಾಸ್ ಸ್ಟಾಪ್ಡ್ ವರ್ಕಿಂಗ್" ಎಂದು ಬರುತ್ತದೆ. ಫೈಲುಗಳ ಪುಟ್ಟ ಚಿತ್ರ ತಯಾರಿಸುವಾಗ ಆಗುವ ಜಗಳ ಅದು. ಪ್ಯಾಕ್‌ಗಳನ್ನು ತೆಗೆಯಿರಿ.

ಡಿಸ್ಕ್ ಶಬ್ದ ಮಾಡುತ್ತಿದ್ದರೆ

ಒಂದೇ ಫೋಲ್ಡರಿನ ಫೈಲುಗಳು ಮಾತ್ರ ನಿಲ್ಲುತ್ತಿದ್ದರೆ, ನಿಲ್ಲುವಾಗ ಒಳಗಿನಿಂದ ಟಿಕ್ ಟಿಕ್ ಕೇಳಿಸುತ್ತಿದ್ದರೆ ಹಾರ್ಡ್ ಡಿಸ್ಕ್ ಸೋಲುತ್ತಿದೆ. ಡಿಸ್ಕಿನ ಆರೋಗ್ಯ ಹೇಳುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪ್ರೋಗ್ರಾಮ್ ಹಾಕಿ ನೋಡಿ. ಹಳದಿಯಲ್ಲಿ "ಕಾಶನ್" ಅಥವಾ ಕೆಂಪಿನಲ್ಲಿ "ಬ್ಯಾಡ್" ಎಂದರೆ ಅಲ್ಲಿಗೆ ನಿಲ್ಲಿಸಿ. ಎಲ್ಲರೂ ಥಟ್ಟನೆ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕುವ ವಿಂಡೋಸಿನದೇ ಪ್ರೋಗ್ರಾಮ್) ಓಡಿಸಲು ಹೋಗುತ್ತಾರೆ. ಬೇಡ. ಸಾಯುತ್ತಿರುವ ಡಿಸ್ಕನ್ನು ಇಡೀ ಓದಿಸಿದರೆ ಇನ್ನಷ್ಟು ಬೇಗ ಹೋಗುತ್ತದೆ. ಮೊದಲು ಬೇಕಾದದ್ದನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಎಲ್ಲೂ ಸಿಗದ ಫೈಲುಗಳಿಂದ ಶುರುಮಾಡಿ. ರಿಪೇರಿಯ ಮಾತು ಆಮೇಲೆ.

ದೊಡ್ಡಪ್ಪನ ಡಿಸ್ಕ್ "ಕಾಶನ್" ತೋರಿಸಿತು. 1990ರ ದಶಕದ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಳೆಗಳು ಆ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ಇರಲಿಲ್ಲ. ಕಾಪಿ ಮಾಡಲು ಎರಡು ರಾತ್ರಿ ಹಿಡಿಯಿತು. ಈಗ ಒಂದು ಪ್ರತಿ ಅವರ ಹತ್ತಿರ, ಒಂದು ನನ್ನ ಹತ್ತಿರ ಇದೆ.