ದೊಡ್ಡ ಮಕ್ಕಳು ಮನೆಗೆ ವಾಪಸ್ ಬಂದಾಗ ಬಾಡಿಗೆ ನೆರವು ಕಡಿತವಾಗದಿರಲು

ಇಂಗ್ಲೆಂಡಿನಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಿಂದ ಬಾಡಿಗೆ ನೆರವು, ಜೊತೆಗೆ ಪಿಐಪಿಯ (ಅಂಗವೈಕಲ್ಯ ಅಥವಾ ದೀರ್ಘಕಾಲದ ಕಾಯಿಲೆ ಇರುವವರ ಭತ್ಯೆ) ಡೈಲಿ ಲಿವಿಂಗ್ ಅಂದರೆ ದಿನನಿತ್ಯದ ಕೆಲಸಗಳಿಗೆ ಸಂಬಂಧಿಸಿದ ಭಾಗ ಪಡೆಯುತ್ತಿರುವವರು ಗಮನಿಸಿ: ದುಡಿಯುವ ಮಗನೋ ಮಗಳೋ ಮತ್ತೆ ನಿಮ್ಮ ಜೊತೆ ಇರಲು ಬಂದರೆ, ನಿಮ್ಮ ಆನ್‌ಲೈನ್ ಕ್ರೆಡಿಟ್ ಖಾತೆಯ ಜರ್ನಲ್‌ನಲ್ಲಿ ಅದನ್ನು ತಿಳಿಸುವಾಗಲೇ ‘ನನಗೆ ಪಿಐಪಿ ಡೈಲಿ ಲಿವಿಂಗ್ ಬರುತ್ತದೆ’ ಅಂತ ಒಂದು ಸಾಲು ಸೇರಿಸಿಬಿಡಿ. 21 ತುಂಬಿದವರು ಮನೆಯಲ್ಲಿದ್ದರೆ ಅವರ ಪಾಲು ಅಂತ ಪ್ರತಿ ತಿಂಗಳೂ ಬಾಡಿಗೆ ಹಣದಲ್ಲಿ ಮುರಿದುಕೊಳ್ಳುತ್ತಾರೆ. ನಿಮಗೆ ಡೈಲಿ ಲಿವಿಂಗ್ ಇದ್ದರೆ ಮುರಿಯುವಂತಿಲ್ಲ. (ಸ್ಕಾಟ್ಲೆಂಡ್‌ನವರು ಪಿಐಪಿ ಬದಲು ಅಲ್ಲಿನ ಅದೇ ಥರದ ಭತ್ಯೆ ಎಡಿಪಿ ಅಂತ ಓದಿಕೊಳ್ಳಿ.) ಬರೀ ಮೊಬಿಲಿಟಿ (ಓಡಾಟದ) ಭಾಗ ಸಿಗುತ್ತಿದ್ದರೆ ಈ ಉಪಾಯ ನಡೆಯಲ್ಲ. ಬಂದವರು ಸಂಗಾತಿಯಾದರಂತೂ ಲೆಕ್ಕವೇ ಬೇರೆ: ಕ್ಲೈಮ್ ಜಂಟಿಯಾಗುತ್ತೆ, ಅವರ ಸಂಬಳ, ಉಳಿತಾಯ ಎರಡನ್ನೂ ನೋಡುತ್ತಾರೆ, ಇಬ್ಬರ ಉಳಿತಾಯ ಸೇರಿ 16,000 ಪೌಂಡ್ ದಾಟಿದರೆ ಸಾಮಾನ್ಯವಾಗಿ ಯೂನಿವರ್ಸಲ್ ಕ್ರೆಡಿಟ್ ಪೂರ್ತಿ ನಿಂತೇಹೋಗುತ್ತೆ. ಮನೆಯಲ್ಲಿ ಯಾರೇ ಇರಲಿ, ಪಿಐಪಿ ಮೊತ್ತ ಮಾತ್ರ ಬದಲಾಗಲ್ಲ.